ರಟ್ಟಿನ ಡಬ್ಬದಲ್ಲೊಂದು ಬೆಳಕಿನ ಪೆಟ್ಟಿಗೆ

ಜುಲೈ ತಿಂಗಳಲ್ಲಿ ಮಲೆನಾಡು, ಕರಾವಳಿಯ ಶಾಲೆಗಳಲ್ಲಿ ದ್ಯುತಿಸಂಶ್ಲೇಷಣೆಯ ಪ್ರಯೋಗ ಕೈಕೊಡುವುದು ಸಾಮಾನ್ಯ. ಹೈಡ್ರಿಲ್ಲಾ ಎಂಬ ನೀರುಗಿಡ, ಆಲಿಕೆ, ಪ್ರನಾಳ ಎಲ್ಲ ಇರುತ್ತವೆ, ಬಿಸಿಲಿರುವುದಿಲ್ಲ. ಬಿಸಿಲಿದ್ದ ದಿನವೂ ಬೆಳಗಿನ ತಂಡಕ್ಕೆ ಸಿಕ್ಕ ಬೆಳಕು ಮಧ್ಯಾಹ್ನದ ತಂಡಕ್ಕೆ ಸಿಗುವುದಿಲ್ಲ. ಇಬ್ಬರ ಅಂಕಿಗಳನ್ನು ಹೋಲಿಸುವುದು ಹೇಗೆ? ಬೆಳಕನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಪೆಟ್ಟಿಗೆಯನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಕೊಳ್ಳಬಹುದು.

ಕಿರಾಣಿ ಅಂಗಡಿಯ ಗಟ್ಟಿ ರಟ್ಟಿನ ಡಬ್ಬ ಸಾಕು. ಅಳತೆ ಸುಮಾರು 40 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ಒಳಗೋಡೆಗೆ ಬಿಳಿ ಹಾಳೆ ಅಂಟಿಸಿ ಅಥವಾ ಹೊಳಪಿಲ್ಲದ ಬಿಳಿ ಬಣ್ಣ ಬಳಿಯಿರಿ. ಅಲ್ಯೂಮಿನಿಯಂ ಫಾಯಿಲ್ ಹೆಚ್ಚು ಮಿಂಚುತ್ತದೆ ನಿಜ, ಆದರೆ ಅದರ ಸುಕ್ಕುಗಳು ಬೆಳಕನ್ನು ಅಲ್ಲಲ್ಲಿ ಗುಡ್ಡೆ ಹಾಕುತ್ತವೆ. ನಮಗೆ ಬೇಕಾದದ್ದು ಎಲ್ಲ ಬೀಕರಿಗೂ ಸಮನಾದ ಬೆಳಕು.

ದೀಪಕ್ಕೆ 230 ವೋಲ್ಟಿನ ಬಲ್ಬು ಬೇಡ. ನೀರಿನ ಪಕ್ಕದಲ್ಲಿ ಮಕ್ಕಳ ಕೈ ಆಡುವಾಗ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ಪೇ ಸರಿ. ಮೀಟರಿಗೆ 60 ಎಲ್‌ಇಡಿ ಇರುವ ‘5050’ ಬಿಳಿ ಸ್ಟ್ರಿಪ್ ಮೀಟರಿಗೆ 14.4 ವ್ಯಾಟ್ ಎಳೆಯುತ್ತದೆ. ಮೂರು ಎಲ್‌ಇಡಿಗೊಮ್ಮೆ, ಅಂದರೆ 5 ಸೆಂ.ಮೀ.ಗೊಮ್ಮೆ, ಕತ್ತರಿಸುವ ಗುರುತು ಇರುತ್ತದೆ. 35 ಸೆಂ.ಮೀ.ನ ಎಂಟು ತುಂಡು ಮಾಡಿದರೆ ಒಟ್ಟು 2.8 ಮೀಟರ್, ಸುಮಾರು 40 ವ್ಯಾಟ್, 3.4 ಆಂಪಿಯರ್. ಹಾಗಾಗಿ 5 ಆಂಪಿಯರ್ ಅಡಾಪ್ಟರ್ ತನ್ನಿ. 3 ಆಂಪಿಯರಿನದು ಕಾದು ಕೆಡುತ್ತದೆ.

ಮುಚ್ಚಳದ ಒಳಮೈಗೆ ತೆಳು ಅಲ್ಯೂಮಿನಿಯಂ ತಗಡು ಬಿಗಿದು, ಅದರ ಮೇಲೆ ತುಂಡುಗಳನ್ನು ಸಾಲಾಗಿ ಅಂಟಿಸಿ. ಎಲ್‌ಇಡಿಯ ಶಾಖ ತಗಡಿಗೆ ಹರಿಯುತ್ತದೆ. ಇಲ್ಲೊಂದು ಎಚ್ಚರ: ಕತ್ತರಿಸಿದ ತುದಿಯ ತಾಮ್ರ ತಗಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಪ್ರತಿ ತುದಿಯ ಕೆಳಗೂ ಒಂದು ಚೂರು ಇನ್ಸುಲೇಷನ್ ಟೇಪ್ ಹಾಕಿಯೇ ಬೆಸುಗೆ ಹಿಡಿಯಿರಿ. ಎಂಟೂ ತುಂಡುಗಳ ಪ್ಲಸ್ ಒಂದು ಕೆಂಪು ತಂತಿಗೆ, ಮೈನಸ್ ಒಂದು ಕಪ್ಪು ತಂತಿಗೆ. ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸುತ್ತ ಹೋದರೆ ಕೊನೆಯ ಸಾಲು ಮಂಕಾಗುತ್ತದೆ. ಒಂದು ಸಾಲು ಮಾತ್ರ ಹೊತ್ತದಿದ್ದರೆ ಅದರ ಪ್ಲಸ್–ಮೈನಸ್ ಅದಲುಬದಲಾಗಿರಬಹುದು, ಬಿಚ್ಚಿ ತಿರುಗಿಸಿ ನೋಡಿ. ಅಡಾಪ್ಟರ್ ಡಬ್ಬದ ಹೊರಗೆ, ನೀರು ಸಿಡಿಯದಷ್ಟು ಎತ್ತರದಲ್ಲಿರಲಿ.

ಅಕ್ಕಪಕ್ಕದ ಗೋಡೆಗಳ ಮೇಲ್ತುದಿಯಲ್ಲೂ ಬುಡದಲ್ಲೂ 2 ಸೆಂ.ಮೀ.ನ ನಾಲ್ಕು ನಾಲ್ಕು ತೂತು ಕೊರೆಯಿರಿ. ಬಿಸಿಗಾಳಿ ಮೇಲಿನಿಂದ ಹೋಗಿ ಕೆಳಗಿನಿಂದ ತಣ್ಣನೆಯದು ಬರುತ್ತದೆ. ಮುಂಭಾಗಕ್ಕೆ ದಪ್ಪ ಕಪ್ಪು ಬಟ್ಟೆಯ ಪರದೆ ಸಾಕು.

ಈಗ ಪ್ರಯೋಗ. ಹೈಡ್ರಿಲ್ಲಾದ ಗುಳ್ಳೆ ಎಣಿಸುವುದಕ್ಕಿಂತ ಪಾಲಕ್ ಎಲೆಯ ಬಿಲ್ಲೆ ತೇಲಿಸುವುದು ಎಷ್ಟೋ ವಾಸಿ, ಏಕೆಂದರೆ ಗುಳ್ಳೆಗಳು ಒಂದೇ ಗಾತ್ರದಲ್ಲಿರುವುದಿಲ್ಲ. ಅರ್ಧ ಲೀಟರ್ ನೀರಿಗೆ 1 ಗ್ರಾಂ ಅಡುಗೆ ಸೋಡಾ (ಮಟ್ಟಸ ಕಾಲು ಟೀ ಚಮಚ) ಕರಗಿಸಿ, ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಸೇರಿಸಿ. ಎಲೆಗೆ ಇಂಗಾಲದ ಡೈಆಕ್ಸೈಡ್ ಒದಗುವುದು ಈ ಸೋಡಾದಿಂದ. ಬೇಕಿಂಗ್ ಪೌಡರ್ ಆಗದು, ಅದರಲ್ಲಿ ಆಮ್ಲ ಬೆರೆತಿರುತ್ತದೆ. ದಪ್ಪ ನರ ಬಿಟ್ಟು, ಕಾಗದದ ಪಂಚ್‌ನಿಂದ ಹತ್ತು ಬಿಲ್ಲೆ ತೆಗೆಯಿರಿ. ಸೂಜಿಯಿಲ್ಲದ 10 ಮಿ.ಲೀ. ಸಿರಿಂಜಿಗೆ ಅವನ್ನು ಹಾಕಿ, 5 ಮಿ.ಲೀ. ದ್ರಾವಣ ಎಳೆದು, ಒಳಗಿನ ಗಾಳಿ ಹೊರದಬ್ಬಿ. ತುದಿಯನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ ಹಿಂದಕ್ಕೆ ಎಳೆದು 10 ಸೆಕೆಂಡು ಹಿಡಿಯಿರಿ. ಎಲೆಯೊಳಗಿನ ಗಾಳಿ ಸಣ್ಣ ಗುಳ್ಳೆಯಾಗಿ ಹೊರಬರುತ್ತದೆ. ಬಿಟ್ಟ ಕೂಡಲೇ ಆ ಜಾಗಕ್ಕೆ ದ್ರಾವಣ ನುಗ್ಗಿ ಬಿಲ್ಲೆ ಮುಳುಗುತ್ತದೆ. ಮುಳುಗದಿದ್ದರೆ ಎರಡು ಮೂರು ಸಲ ಮಾಡಿ. ಅದಕ್ಕಿಂತ ಹೆಚ್ಚು ಜಗ್ಗಿದರೆ ಜೀವಕೋಶಗಳೇ ಒಡೆಯಬಹುದು, ಆಮೇಲೆ ಎಷ್ಟು ಬೆಳಕು ಕೊಟ್ಟರೂ ಅವು ಏಳುವುದಿಲ್ಲ.

ಬೀಕರಿಗೆ ಸುರಿದು ಪೆಟ್ಟಿಗೆಯಲ್ಲಿಟ್ಟು, ನಿಮಿಷಕ್ಕೊಮ್ಮೆ ತೇಲಿದವನ್ನು ಎಣಿಸಿ. ಆಮ್ಲಜನಕ ತುಂಬಿಕೊಂಡಂತೆ ಬಿಲ್ಲೆ ಮೊದಲು ಒಂದು ಅಂಚಿನ ಮೇಲೆ ನಿಂತು ಓಲಾಡುತ್ತದೆ, ನಂತರ ಸರ್ರನೆ ಮೇಲೇರುತ್ತದೆ. ಐದು ಬಿಲ್ಲೆ ತೇಲಲು ಹಿಡಿದ ಸಮಯವೇ ನಿಮ್ಮ ಅಳತೆ. ಪಕ್ಕದಲ್ಲಿ ಇನ್ನೆರಡು ಬೀಕರ್ ಕಡ್ಡಾಯ: ಒಂದರಲ್ಲಿ ಸೋಡಾ ಇಲ್ಲದ ನೀರು, ಇನ್ನೊಂದರಲ್ಲಿ ಸೋಡಾ ಇದ್ದರೂ ಮೈಗೆಲ್ಲ ಫಾಯಿಲ್ ಸುತ್ತಿರಬೇಕು. ಫಾಯಿಲ್ ಸುತ್ತಿದ್ದಕ್ಕೂ ಅದೇ ಪೆಟ್ಟಿಗೆಯ ಶಾಖ ತಾಗುತ್ತದೆ, ಬೆಳಕು ಮಾತ್ರ ಇಲ್ಲ. ಬಿಲ್ಲೆ ತೇಲಿದ್ದು ಶಾಖದಿಂದಲ್ಲ ಎಂದು ಹೇಳುವ ಧೈರ್ಯ ಬರುವುದು ಅದರಿಂದಲೇ.

ಫ್ರಿಜ್ಜಿನಿಂದ ತೆಗೆದ ಎಲೆ ಮಂದವಾಗಿ ಕೆಲಸ ಮಾಡಿದರೆ, ಅರ್ಧ ಗಂಟೆ ನೀರಿನಲ್ಲಿಟ್ಟು ಬೆಳಕಿಗೆ ಹಿಡಿದು ಬಳಸಿ. ದೊಡ್ಡಪತ್ರೆಯಂಥ ರೋಮದ ಎಲೆಗೆ ಗಾಳಿ ಅಂಟಿಕೊಳ್ಳುವುದರಿಂದ ಅದು ಮುಳುಗುವುದೇ ಕಷ್ಟ.

ಬೆಳಕಿನ ತೀವ್ರತೆ ಬದಲಿಸಲು ಬೀಕರನ್ನು ದೂರ ಸರಿಸಬೇಡಿ. ದೂರ ಇಮ್ಮಡಿಯಾದರೆ ಬೆಳಕು ಕಾಲು ಪಾಲು ಎಂಬ ಪಠ್ಯದ ಲೆಕ್ಕ ಒಂಟಿ ಬಲ್ಬಿಗೆ. ಬಿಳಿಗೋಡೆಯ ಪೆಟ್ಟಿಗೆಯಲ್ಲಿ ನಡೆಯದು. ಬೀಕರಿನ ಮೇಲೂ ಸುತ್ತಲೂ ಬಟರ್ ಪೇಪರ್ ಒಂದು, ಎರಡು, ನಾಲ್ಕು ಪದರ ಹಾಕಿ, ಪ್ರತಿ ಸಲ ಅದೇ ಮೊಬೈಲಿನ ಲಕ್ಸ್ ಆ್ಯಪ್‌ನಲ್ಲಿ ಪದರದ ಕೆಳಗೆ ಅಳೆಯಿರಿ. ಬಣ್ಣದ ಜಿಲೆಟಿನ್ ಹಾಳೆಗಳನ್ನು ಹೋಲಿಸುವಾಗ ಮಾತ್ರ ಲಕ್ಸ್ ನಂಬಬೇಡಿ. ಲಕ್ಸ್ ಮನುಷ್ಯನ ಕಣ್ಣಿಗೆ ಹೊಂದಿಸಿದ ಮಾನ, ನಮ್ಮ ಕಣ್ಣಿಗೆ ಹಸಿರು ಹೆಚ್ಚು ಪ್ರಕಾಶವಾಗಿ ಕಾಣುತ್ತದೆ; ಎಲೆಗೆ ಹೆಚ್ಚು ಉಪಯೋಗಕ್ಕೆ ಬರುವುದು ಕೆಂಪು ಮತ್ತು ನೀಲಿ.