ಸುಡಾನಿನ ಶಾಂತಿಗಾಗಿ ಸಂಸದರಿಗೆ ಪತ್ರ ಬರೆಯುವ ಬಗೆ

2023ರ ಏಪ್ರಿಲ್ 15ರಂದು ಸುಡಾನಿನ ಸೇನೆಗೂ ಆರ್‌ಎಸ್‌ಎಫ್ (ರಾಪಿಡ್ ಸಪೋರ್ಟ್ ಫೋರ್ಸಸ್) ಎಂಬ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಾಗ ನನ್ನ ಅಣ್ಣ ಅಲ್ಲಿನ ಎಲ್ ಫಾಶರ್ ನಗರದಲ್ಲಿದ್ದ. ಗಿಡಮೂಲಿಕೆಯ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಬಾಡಿಗೆ ಮನೆಗಳಲ್ಲಿ ಕದ ಹಾಕಿಕೊಂಡು ಕುಳಿತಿದ್ದರು. ಭಾರತ ಸರ್ಕಾರ ತನ್ನವರನ್ನು ಕರೆತಂದ ಆಪರೇಷನ್ ಕಾವೇರಿಯಲ್ಲಿ ಅಣ್ಣ ಊರು ಸೇರಿದ. ತನ್ನ ಪಾಲಿನ ನೀರನ್ನು ಅವನಿಗೆ ಬಗ್ಗಿಸಿಕೊಟ್ಟಿದ್ದ ಮನೆಯೊಡತಿ ಅಲ್ಲಿಯೇ ಉಳಿದರು. 2025ರ ಅಕ್ಟೋಬರ್‌ನಲ್ಲಿ ಆ ಊರು ಆರ್‌ಎಸ್‌ಎಫ್ ವಶವಾಯಿತು. ಅಂದಿನಿಂದ ಅವರ ಫೋನ್ ಹತ್ತುತ್ತಿಲ್ಲ.

ಸಂಸದರಿಗೆ ನಾನು ಬರೆದ ಮೊದಲ ಪತ್ರ ನಾಲ್ಕು ಪುಟವಿತ್ತು. ಸಾವುನೋವೆಲ್ಲ ಬರೆದು ‘ಏನಾದರೂ ಮಾಡಿ’ ಎಂದು ಮುಗಿಸಿದ್ದೆ. ಎರಡು ಸಾಲಿನ ಸ್ವೀಕೃತಿ ಬಂತು, ಅಷ್ಟೇ. ಅವರು ಮಾಡಬಹುದಾದ ಕೆಲಸವನ್ನು ನಾನು ಹೇಳಿಯೇ ಇರಲಿಲ್ಲ.

ಈಗ ಅವರು ಸಂಸತ್ತಿನಲ್ಲಿ ಕೇಳಬಹುದಾದ ಪ್ರಶ್ನೆಯನ್ನೇ ಬರೆದುಕೊಡುತ್ತೇನೆ: ‘2025ರ ಸೆಪ್ಟೆಂಬರ್ 12ರಂದು ಅಮೆರಿಕ, ಸೌದಿ ಅರೇಬಿಯಾ, ಯುಎಇ ಮತ್ತು ಈಜಿಪ್ಟ್ ಸೂಚಿಸಿದ ಮೂರು ತಿಂಗಳ ಮಾನವೀಯ ಕದನವಿರಾಮಕ್ಕಾಗಿ ಸರ್ಕಾರವು ಆ ದೇಶಗಳೊಂದಿಗೆ ಮಾತುಕತೆ ನಡೆಸಿದೆಯೇ? ಹೌದಾದರೆ ವಿವರಗಳೇನು? ಇಲ್ಲವಾದರೆ ಕಾರಣಗಳೇನು?’ ಕೊನೆಯ ಎರಡು ತುಣುಕುಗಳನ್ನು ಬಿಡಬೇಡಿ. ಅವಿಲ್ಲದಿದ್ದರೆ ‘ಹೌದು’ ಎಂಬ ಒಂದೇ ಮಾತಿನ ಉತ್ತರ ಬರುತ್ತದೆ. ಈ ನಾಲ್ಕೂ ದೇಶಗಳ ಜೊತೆ ಭಾರತಕ್ಕೆ ಒಳ್ಳೆಯ ಸಂಬಂಧವಿದೆ. ನಮ್ಮವರ ಮಾತಿಗೆ ಅಲ್ಲಿ ಬೆಲೆಯಿದೆ. ಅದನ್ನು ಪತ್ರದಲ್ಲಿ ಒಂದೇ ಸಾಲಿನಲ್ಲಿ ಹೇಳಿ. ಸೇನಾ ಮುಖ್ಯಸ್ಥ ಬುರ್ಹಾನ್ ತಪ್ಪೋ ಆರ್‌ಎಸ್‌ಎಫ್ ನಾಯಕ ಹೆಮೆದ್ತಿ ತಪ್ಪೋ ಎಂಬ ವಾದ ಬೇಡ. ಕೇಳುತ್ತಿರುವುದು ಕದನವಿರಾಮವನ್ನು, ತೀರ್ಪನ್ನಲ್ಲ.

ಪ್ರಶ್ನೆಯ ನೋಟಿಸಿಗೆ ಕನಿಷ್ಠ 15 ದಿನ ಬೇಕು. ಆದ್ದರಿಂದ ಅಧಿವೇಶನಕ್ಕೆ ಒಂದು ತಿಂಗಳು ಮೊದಲೇ ಪತ್ರ ತಲುಪಲಿ. ಮೌಖಿಕ ಉತ್ತರ ಬೇಕೆಂದರೆ ಚುಕ್ಕೆ ಗುರುತಿನ ಪ್ರಶ್ನೆ ಎಂದು ನಮೂದಿಸಿ; ಅದರಲ್ಲಿ ಉಪಪ್ರಶ್ನೆ ಕೇಳಲು ಅವಕಾಶವಿದೆ. ಪ್ರಶ್ನೆ ಸರದಿಗೆ ಬರದೇ ಹೋಗಬಹುದು. ಅದಕ್ಕೇ, ಸಂಸದರು ಒಂದು ವಿಷಯವನ್ನು ಸದನದ ಗಮನಕ್ಕೆ ತರಲು ಇರುವ ಲೋಕಸಭೆಯ ನಿಯಮ 377ರಡಿ ಓದಲು 250 ಪದ ಮೀರದ ಹೇಳಿಕೆಯನ್ನೂ ಜೊತೆಗಿಡುತ್ತೇನೆ.

ಕ್ಷೇತ್ರದ ಕಚೇರಿಗೆ ಖುದ್ದಾಗಿ ಹೋಗಿ. ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಊರವರ ಸಹಿ, ಹಳ್ಳಿಯ ಹೆಸರು ಇರಲಿ. ನಮ್ಮ ಪತ್ರಕ್ಕೆ ಮೊದಲ ಸಹಿ ಅಣ್ಣನದು. ಅದರ ಹಿಂದೆ ಅವನ ಪಾಸ್‌ಪೋರ್ಟಿನ ಸುಡಾನ್ ವೀಸಾ ಪುಟದ ಜೆರಾಕ್ಸ್ ಲಗತ್ತಿಸಿದ್ದೇನೆ.