ಸೀಬೆಕ್ ದೊಡ್ಡದಾಗಿ ಬಂದರೆ ಮೊದಲು ಇಷ್ಟು ನೋಡಿ

ಸೀಬೆಕ್ ಅಂದರೆ ವಸ್ತುವಿನ ಎರಡು ತುದಿಗಳ ನಡುವೆ ಒಂದು ಡಿಗ್ರಿ ತಾಪದ ಅಂತರವಿದ್ದರೆ ಹುಟ್ಟುವ ವೋಲ್ಟೇಜ್. ಮಾನಸಗಂಗೋತ್ರಿಯ ಲ್ಯಾಬಿಗೆ ಐರನ್ ಸಿಲಿಸೈಡ್ ಅಳೆಯಲು ಬರುವ ಎಂಎಸ್ಸಿ ಮಕ್ಕಳ ಕೈಗೆ ನಾನು ಮೊದಲು ಕೊಡುವುದು ತಾಮ್ರ-ನಿಕಲ್ ಮಿಶ್ರಲೋಹವಾದ ಕಾನ್‌ಸ್ಟಂಟನ್ ತಂತಿಯ ತುಂಡು. ತಾಮ್ರದ ತಂತಿ ಜೋಡಿಸಿ ಅಳೆದರೆ ರೂಮಿನ ತಾಪದಲ್ಲಿ ಡಿಗ್ರಿಗೆ ಮೈನಸ್ 40 ಮೈಕ್ರೋವೋಲ್ಟ್ ಆಸುಪಾಸು ಬರಬೇಕು. ಪ್ಲಸ್ ಬಂತಾ? ಎಲ್ಲೋ ತಂತಿ ಅದಲುಬದಲಾಗಿದೆ. ಇದು ಸರಿಹೋಗುವವರೆಗೂ ಸ್ಯಾಂಪಲ್ ಮುಟ್ಟಬೇಡಿ.

ಆಮೇಲೆ ಸ್ಯಾಂಪಲ್. ಎರಡೂ ತುದಿಗೆ ಸಿಲ್ವರ್ ಪೇಂಟಿನ ಒಂದೊಂದು ಚುಕ್ಕೆ ಇಡಿ, ರಾಗಿಕಾಳಿಗಿಂತ ಚಿಕ್ಕದು. ಥರ್ಮೋಕಪಲ್ (ತಾಪ ಅಳೆಯುವ, ಎರಡು ಲೋಹದ ತಂತಿಗಳ ಜೋಡಿ) ತುದಿಯನ್ನು ಅದೇ ಚುಕ್ಕೆಯೊಳಗೆ ಕೂರಿಸಿ. ಅದರ ತಾಮ್ರದ ಕಾಲನ್ನೇ ವೋಲ್ಟೇಜ್ ಅಳೆಯಲೂ ಬಳಸಿ. ತಾಪ ಒಂದು ಜಾಗದ್ದು, ವೋಲ್ಟೇಜ್ ಇನ್ನೊಂದು ಜಾಗದ್ದು ಆದರೆ ಲೆಕ್ಕ ಕೆಟ್ಟಿತು.

ಮಳೆಗಾಲದಲ್ಲಿ ಪೂರ್ತಿ ವ್ಯಾಕ್ಯೂಮ್ ಆದ ಮೇಲೇ ತಣ್ಣಗಾಗಿಸಲು ದ್ರವ ನೈಟ್ರೋಜನ್ ಸುರಿಯಿರಿ. ಇಲ್ಲದಿದ್ದರೆ ಕುಕ್ಕರಹಳ್ಳಿ ಕೆರೆ ಕಡೆಯ ತೇವವೆಲ್ಲ ಸ್ಯಾಂಪಲ್ ಮೇಲೆ ಮಂಜಾಗಿ ಕೂರುತ್ತದೆ.

ಹೀಟರ್ ಸಣ್ಣಗಿಟ್ಟು ತುದಿಗಳ ನಡುವೆ ಅರ್ಧ, ಒಂದು, ಒಂದೂವರೆ ಡಿಗ್ರಿ ಅಂತರ ಮಾಡುತ್ತಾ ವೋಲ್ಟೇಜ್ ಬರೆದುಕೊಳ್ಳಿ. ಗ್ರಾಫಿನ ಇಳಿಜಾರೇ ಸೀಬೆಕ್. ಒಂದೇ ರೀಡಿಂಗ್ ಹಿಡಿದು ಭಾಗಿಸಿದರೆ ಬೆಸುಗೆಗಳಲ್ಲಿ ಸುಮ್ನೆ ಹುಟ್ಟುವ ವೋಲ್ಟೇಜೂ ಸೇರಿಕೊಳ್ಳುತ್ತದೆ.

ನೈಟ್ರೋಜನ್ 77 ಕೆಲ್ವಿನ್‌ಗೆ ನಿಲ್ಲುತ್ತದೆ. ಐರನ್ ಸಿಲಿಸೈಡ್‌ನ ಶಿಖರ ಇರುವುದು 50ರ ಹತ್ತಿರ, ಅದಕ್ಕೆ ಹೀಲಿಯಂ ಕೂಲರ್ ಬೇಕು. ಅಲ್ಲಿ 500 ಮೈಕ್ರೋವೋಲ್ಟ್ ದಾಟಿತು ಅಂದ ಕೂಡಲೇ "ಎಲೆಕ್ಟ್ರಾನ್‌ಗಳ ಕೋರಿಲೇಶನ್ ಸರ್!" ಎಂದು ಮಕ್ಕಳು ಕುಣಿಯುತ್ತಾರೆ, ಅಂದರೆ ಎಲೆಕ್ಟ್ರಾನ್‌ಗಳು ಒಂದರ ಮೇಲೊಂದು ಬೀರುವ ಬಲವಾದ ಪ್ರಭಾವವೇ ಕಾರಣ ಅಂತ. ನಿಧಾನ. ಗೋಲ್ಡ್‌ಸ್ಮಿಡ್ ಮತ್ತು ಶಾರ್ಪ್ 1999ರಲ್ಲಿ ಕೊಟ್ಟ ಸುಲಭ ಸೂತ್ರ ಹಾಕಿ: ಶಿಖರದ ಸೀಬೆಕ್, ಅಲ್ಲಿನ ತಾಪ, ಎರಡನ್ನೂ ಗುಣಿಸಿ ದುಪ್ಪಟ್ಟು ಮಾಡಿದರೆ ಗ್ಯಾಪ್, ಅಂದರೆ ಎಲೆಕ್ಟ್ರಾನ್‌ಗಳಿಗೆ ಜಾಗವಿಲ್ಲದ ಶಕ್ತಿಯ ಅಂತರ. 500 ಮೈಕ್ರೋವೋಲ್ಟ್‌ಗೆ 50 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಬರುತ್ತದೆ. ಇದರ ಗ್ಯಾಪ್ ಇರುವುದೇ 50-60. ಅಷ್ಟು ಎತ್ತರಕ್ಕೆ ಕಿರಿದಾದ ಗ್ಯಾಪ್ ಒಂದೇ ಸಾಕು, ಅಲ್ವಾ? ಕೋರಿಲೇಶನ್‌ಗೆ ಸಾಕ್ಷಿ ಬೇರೆ ಕಡೆ ಇದೆ. ರೂಮಿನ ತಾಪ ಮುಟ್ಟುವ ಹೊತ್ತಿಗೆ ಆ ಗ್ಯಾಪೇ ತುಂಬಿಹೋಗುತ್ತದೆ. ಸಾಮಾನ್ಯ ಸೆಮಿಕಂಡಕ್ಟರ್ ಹಾಗೆ ಮಾಡುವುದಿಲ್ಲ.

ಐರನ್ ಆಂಟಿಮೊನೈಡ್ ಕಥೆ ಉಲ್ಟಾ. 2007ರಲ್ಲಿ ಪ್ರಕಟವಾದ ಅಂಕಿ 10 ಕೆಲ್ವಿನ್ ಆಸುಪಾಸಿನಲ್ಲಿ ಮೈನಸ್ 45 ಮಿಲಿವೋಲ್ಟ್. ಚಿಹ್ನೆ ಬಿಟ್ಟು ಅದೇ ಸೂತ್ರ ಹಾಕಿದರೆ ಗ್ಯಾಪ್ 900 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಇರಬೇಕು. ನಿಜಕ್ಕೂ ಇರುವುದು ಕೆಲವೇ ಹತ್ತುಗಳಷ್ಟು. ಎಲೆಕ್ಟ್ರಾನ್‌ಗಳಿಂದಷ್ಟೇ ಇದು ಆಗುವ ಮಾತಲ್ಲ. ಬಿಸಿ ತುದಿಯಿಂದ ಹೊರಟ ಹರಳಿನ ಕಂಪನಗಳು, ಅಂದರೆ ಫೋನಾನ್‌ಗಳು, ಎಲೆಕ್ಟ್ರಾನ್‌ಗಳನ್ನು ತಳ್ಳಿಕೊಂಡು ಹೋಗುತ್ತವೆ.

ನಿಮ್ಮ ಹರಳಿನಲ್ಲೂ ಹೀಗೇ ಅನ್ನಿಸಿದರೆ ಅದನ್ನು ತೆಳ್ಳಗೆ ಉಜ್ಜಿ ಮತ್ತೆ ಅಳೆಯಿರಿ. ಸೀಬೆಕ್ ಇಳಿದರೆ ಫೋನಾನ್ ಕೈವಾಡ ಜಾಸ್ತಿ. ಉಜ್ಜುವ ಮೊದಲು ಉಷ್ಣವಾಹಕತೆ ಅಳೆದಿಟ್ಟುಕೊಳ್ಳಿ. ಆಮೇಲೆ ಆ ದಪ್ಪ ವಾಪಸ್ ಬರಲ್ಲ.