ಹಳೆಯ ಡಿಎಸ್‌ಎಲ್‌ಆರ್, ಹೊಸ ಮಿರರ್‌ಲೆಸ್: ಅಕ್ಕಪಕ್ಕ ಇಟ್ಟು ನೋಡುವುದು ಹೇಗೆ?

ಮದುವೆ ಫೋಟೊ ತೆಗೆಯುವ ನನ್ನ ಸೋದರಳಿಯ ಕೈಗೆ ಸಿಗುವುದು ಆಷಾಢದಲ್ಲಿ ಮಾತ್ರ. ಮುಹೂರ್ತಗಳಿಲ್ಲದ ಆ ತಿಂಗಳು ಅವನ ಕ್ಯಾನನ್ ಆರ್6 ಮಾರ್ಕ್ 2 ಎಂಬ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಕ್ಕೂ ರಜೆ. ಈ ಸಲ ಅದನ್ನು ಹತ್ತು ದಿನಕ್ಕೆ ಎರವಲು ಪಡೆದೆ. ಬೀರುವಿನಲ್ಲಿ ಮಲಗಿದ್ದ ನನ್ನ ಕ್ಯಾನನ್ 1100ಡಿ ಎಂಬ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ) ಕ್ಯಾಮೆರಾವನ್ನೂ ಹೊರಗೆ ತೆಗೆದು, ಎರಡನ್ನೂ ಹೆಗಲಿಗೆ ಹಾಕಿಕೊಂಡು ದಾವಣಗೆರೆ ಸುತ್ತಿದೆ. "ಮಾವ, ಇದು ಎತ್ತಿನ ಗಾಡಿಗೂ ರೈಲಿಗೂ ಪಂದ್ಯ ಕಟ್ಟಿದಂತಾಯಿತು" ಎಂದು ಅವನು ನಕ್ಕ. ಸುಳ್ಳೇನೂ ಹೇಳಲಿಲ್ಲ. ಆದರೆ ಗಾಡಿ ಇಟ್ಟುಕೊಂಡವನು ಮೊದಲು ಕೇಳುವುದು, ನಮ್ಮೂರಿಗೆ ಹಳಿ ಇದೆಯೇ ಎಂದು.

ಕಾಗದದ ಮೇಲಿನ ಲೆಕ್ಕವನ್ನು ಬೇಗ ಮುಗಿಸಿಬಿಡೋಣ. 1100ಡಿ 2011ರದು. ಚಿಕ್ಕ ಅಳತೆಯ ಎಪಿಎಸ್-ಸಿ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಭಾಗ), 12.2 ಮೆಗಾಪಿಕ್ಸೆಲ್, ಫೋಕಸ್‌ಗೆ 9 ಬಿಂದು, ಸೆಕೆಂಡಿಗೆ ಹೆಚ್ಚೆಂದರೆ 3 ಚಿತ್ರ, ಐಎಸ್‌ಒ 6400ರವರೆಗೆ (ಈ ಅಂಕಿ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು). ಆರ್6 ಮಾರ್ಕ್ 2 ಬಂದದ್ದು 2022ರ ಕೊನೆಗೆ. ಅದಕ್ಕಿಂತ ದೊಡ್ಡ ಫುಲ್ ಫ್ರೇಮ್ ಸೆನ್ಸರ್, 24.2 ಮೆಗಾಪಿಕ್ಸೆಲ್, ಮೆಕ್ಯಾನಿಕಲ್ ಶಟರ್‌ನಲ್ಲಿ ಸೆಕೆಂಡಿಗೆ 12, ಎಲೆಕ್ಟ್ರಾನಿಕ್ ಶಟರ್‌ನಲ್ಲಿ 40 ಚಿತ್ರ, ಐಎಸ್‌ಒ 1,02,400ರವರೆಗೆ. ಮಿರರ್‌ಲೆಸ್ ಎಂದರೆ ಹಗುರ ಎಂದುಕೊಂಡವರು ತಕ್ಕಡಿಯನ್ನೂ ನೋಡಬೇಕು. ಹಳೆಯದು ಬ್ಯಾಟರಿ ಸೇರಿ 495 ಗ್ರಾಂ, ಹೊಸದು ಬ್ಯಾಟರಿ ಮತ್ತು ಕಾರ್ಡ್ ಸೇರಿ 670 ಗ್ರಾಂ.

1. ಮೊದಲು ಹಳೆಯದರ ಮುಖ ತೊಳೆಯಿರಿ

ವರ್ಷಗಟ್ಟಲೆ ದೂಳು ತಿಂದ ಕ್ಯಾಮೆರಾವನ್ನು ಹಾಗೆಯೇ ಕಣಕ್ಕಿಳಿಸುವುದು ಅನ್ಯಾಯ. ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/16ಕ್ಕೆ ಕಿರಿದುಮಾಡಿ ಇಟ್ಟು, ಫೋಕಸ್ ಕೆಡಿಸಿ, ಮೋಡ ಮುಸುಕಿದ ಆಕಾಶದ ಒಂದು ಚಿತ್ರ ತೆಗೆಯಿರಿ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಕಪ್ಪು ಚುಕ್ಕೆಗಳು ಕಂಡರೆ ಅದು ಸೆನ್ಸರಿನ ಮೇಲಿನ ದೂಳು. ನನ್ನದರಲ್ಲಿ ಒಗ್ಗರಣೆಗೆ ಹಾಕುವಷ್ಟು ಸಾಸಿವೆ ಇತ್ತು! 1100ಡಿಯಲ್ಲಿ ಸೆನ್ಸರ್ ತಾನೇ ಕೊಡವಿಕೊಳ್ಳುವ ವ್ಯವಸ್ಥೆ ಇಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಕೈಯಿಂದ ಸ್ವಚ್ಛಗೊಳಿಸುವ ಆಯ್ಕೆ ಒತ್ತಿದರೆ ಕನ್ನಡಿ ಮೇಲೇಳುತ್ತದೆ. ಕ್ಯಾಮೆರಾದ ಬಾಯಿಯನ್ನು ಕೆಳಮುಖವಾಗಿ ಹಿಡಿದು ರಬ್ಬರ್ ಬ್ಲೋಯರ್‌ನಿಂದ ಗಾಳಿ ಊದಿ. ಬಾಯಿಯಿಂದ ಊದಬೇಡಿ, ಎಂಜಲು ಹಾರುತ್ತದೆ.

ಇನ್ನೊಂದು ತಪಾಸಣೆ ಫೋಕಸ್‌ನದು. ಡಿಎಸ್‌ಎಲ್‌ಆರ್ ಫೋಕಸ್ ಅಳೆಯುವುದು ಕನ್ನಡಿಯ ಕೆಳಗಿರುವ ಬೇರೊಂದು ಸೆನ್ಸರಿನಿಂದ. ಅದಕ್ಕೂ ಚಿತ್ರ ಮೂಡುವ ಸೆನ್ಸರಿಗೂ ಕೂದಲೆಳೆಯಷ್ಟು ಹೊಂದಾಣಿಕೆ ತಪ್ಪಿದರೂ ಕಣ್ಣಿಗಿಟ್ಟ ಫೋಕಸ್ ಕಿವಿಗೆ ಹೋಗುತ್ತದೆ. ನೆಲದ ಮೇಲೆ ದಿನಪತ್ರಿಕೆ ಹಾಸಿ, ಓರೆಯಾಗಿ ನಿಂತು ಒಂದೇ ಸಾಲಿಗೆ ಫೋಕಸ್ ಮಾಡಿ ನೋಡಿ. ಮುಂದಿನ ಅಥವಾ ಹಿಂದಿನ ಸಾಲು ಚೊಕ್ಕವಾಗಿ ಬಂದರೆ ದೋಷ ಇದೆ. ಅದೇ ಕೆಲಸವನ್ನು ಲೈವ್ ವ್ಯೂನಲ್ಲಿ, ಅಂದರೆ ಹಿಂಬದಿಯ ಪರದೆ ನೋಡಿಕೊಂಡು, ಮಾಡಿದಾಗ ಸರಿಬಂದರೆ, ಲೆನ್ಸ್ ಮೇಲೆ ಸಿಟ್ಟಾಗುವ ಕಾರಣವಿಲ್ಲ. ಮಿರರ್‌ಲೆಸ್ ಫೋಕಸ್ ನೋಡುವುದು ಚಿತ್ರ ತೆಗೆಯುವ ಸೆನ್ಸರಿನ ಮೇಲೆಯೇ, ಹಾಗಾಗಿ ಈ ತಂಟೆ ಅಲ್ಲಿಲ್ಲ.

2. ಎರಡಕ್ಕೂ ಒಂದೇ ಕಣ್ಣು ಕೊಡಿ

ಹೆಚ್ಚಿನವರು ಎಡವುವುದು ಇಲ್ಲಿ. ಹಳೆಯದಕ್ಕೆ ಅದರ ಜೊತೆ ಬಂದ 18-55 ಲೆನ್ಸ್, ಹೊಸದಕ್ಕೆ ಲಕ್ಷ ಬೆಲೆಯ ಲೆನ್ಸ್ ಹಾಕಿ, "ನೋಡಿ, ಕ್ಯಾಮೆರಾ ಅಂದರೆ ಇದು" ಎನ್ನುತ್ತಾರೆ. ಅಲ್ಲಿ ಗೆದ್ದದ್ದು ಬಹುಪಾಲು ಲೆನ್ಸ್.

ಹೊಸ ಆರ್‌ಎಫ್ ಲೆನ್ಸ್ ಹಳೆಯ ಕ್ಯಾಮೆರಾಕ್ಕೆ ಕೂರುವುದಿಲ್ಲ. ಹಳೆಯ ಇಎಫ್ ಲೆನ್ಸ್ ಅಡಾಪ್ಟರ್ ಮೂಲಕ ಹೊಸದಕ್ಕೆ ಕೂರುತ್ತದೆ, ಆಟೊಫೋಕಸ್ ಕೂಡ ನಡೆಯುತ್ತದೆ. ಆದ್ದರಿಂದ ಹೋಲಿಕೆಗೆ ಇಎಫ್ ಲೆನ್ಸೇ ಸರಿ. ನಾನು 24-105 ಜೂಮ್ ಬಳಸಿದೆ. 18-55 ಬೇಡ ಎನ್ನಲು ಒಂದು ಮೋಜಿನ ಕಾರಣವಿದೆ. ಅದು ಚಿಕ್ಕ ಸೆನ್ಸರಿಗೆಂದು ಮಾಡಿದ ಇಎಫ್-ಎಸ್ ಲೆನ್ಸ್. ಅದನ್ನು ಹಾಕಿದ ತಕ್ಷಣ ಆರ್6 ತನ್ನ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತದೆ, ಉಳಿಯುವುದು ಒಂಬತ್ತು ಚಿಲ್ಲರೆ ಮೆಗಾಪಿಕ್ಸೆಲ್. ಬಂದಾಗ ಎರಡು ಲಕ್ಷ ದಾಟಿದ್ದ ಕ್ಯಾಮೆರಾ ಹಳೆಯ 1100ಡಿಗಿಂತ ಸಣ್ಣ ಚಿತ್ರ ಕೊಡುತ್ತದೆ. "ಕ್ಯಾಮೆರಾ ಬದಲಿಸಿ, ಲೆನ್ಸ್ ಆಮೇಲೆ ನೋಡೋಣ" ಎನ್ನುವ ಅಂಗಡಿಯವರ ಸಲಹೆ ಕೇಳುವ ಮೊದಲು ಇದು ನೆನಪಿರಲಿ.

ಲೆನ್ಸ್ ಒಂದೇ ಆದರೂ ಚೌಕಟ್ಟು ಒಂದೇ ಆಗುವುದಿಲ್ಲ. ಸೆನ್ಸರಿನ ಅಳತೆಯಲ್ಲಿ 1.6 ಪಟ್ಟು ವ್ಯತ್ಯಾಸವಿದೆ. 1100ಡಿಯಲ್ಲಿ 30 ಎಂಎಂ ಇಟ್ಟರೆ ಹೊಸದರಲ್ಲಿ 48 ಎಂಎಂ ಹತ್ತಿರ ಇಡಬೇಕು. ನಿಂತ ಜಾಗ ಬದಲಿಸಬೇಡಿ, ಜೂಮ್ ತಿರುಗಿಸಿ. ಹಿನ್ನೆಲೆಯ ಮಸುಕೂ ಸಮನಾಗಬೇಕೆಂದರೆ ಹಳೆಯದರ ಎಫ್/4ಕ್ಕೆ ಹೊಸದರಲ್ಲಿ ಎಫ್/6.3. ಶಟರ್ ವೇಗ ಒಂದೇ ಇಟ್ಟುಕೊಂಡರೆ ಐಎಸ್‌ಒ 400ರ ಎದುರು 1000 ಇಡಬೇಕಾಗುತ್ತದೆ. ಹೀಗೆ ಮಾಡಿದಾಗ ದೊಡ್ಡ ಸೆನ್ಸರ್ ಎಂಬ ಹೆಗ್ಗಳಿಕೆಯ ದೊಡ್ಡ ಪಾಲು ಕರಗುತ್ತದೆ. ಉಳಿಯುವುದು ಹನ್ನೊಂದು ವರ್ಷಗಳಲ್ಲಿ ಸೆನ್ಸರ್ ತಂತ್ರಜ್ಞಾನ ಕಲಿತ ವಿದ್ಯೆ. ಎರಡು ಸುತ್ತು ತೆಗೆಯಿರಿ. ಒಂದು ಹೀಗೆ ಸಮ ಮಾಡಿ, ಇನ್ನೊಂದು ಎರಡರಲ್ಲೂ ಒಂದೇ ಅಪರ್ಚರ್, ಒಂದೇ ಐಎಸ್‌ಒ ಇಟ್ಟು. ಎರಡರಲ್ಲೂ ರಾ (ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ) ಕಡತವೇ ಇರಲಿ. ಜೆಪೆಗ್‌ನಲ್ಲಿ ಕ್ಯಾಮೆರಾ ತನ್ನಷ್ಟಕ್ಕೆ ಪೌಡರ್ ಬಳಿದಿರುತ್ತದೆ.

3. ಕತ್ತಲೆಗೆ ಕರೆದೊಯ್ಯಿರಿ

ಬಿಸಿಲಿನಲ್ಲಿ ಗಾಜಿನ ಮನೆಯನ್ನು ಎರಡರಲ್ಲೂ ತೆಗೆದೆ. ಮೊಬೈಲಿನಲ್ಲಿ ತೋರಿಸಿದಾಗ ಸೋದರಳಿಯನೇ ಯಾವುದು ಯಾವುದರದ್ದೆಂದು ಹೇಳಲಾರದೆ ಹೋದ. ಬೆಳಕು ಚೆನ್ನಾಗಿದ್ದಾಗ ಎಲ್ಲ ಕ್ಯಾಮೆರಾಗಳೂ ಜಾಣ ಮಕ್ಕಳೇ.

ಹಾಗಾಗಿ ಮಂಡಕ್ಕಿ ಭಟ್ಟಿಗೆ ಹೋದೆ. ನಮ್ಮೂರಿನಲ್ಲಿ ಕ್ಯಾಮೆರಾದ ಬೆವರಿಳಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಸಿ ಹಿಡಿದ ಗೋಡೆ, ಒಲೆಯ ಬಾಯಲ್ಲಿ ಕೆಂಡ, ಮೂಲೆಯಲ್ಲಿ ಹಾಲಿನಂತೆ ಬಿಳಿಯಾದ ಮಂಡಕ್ಕಿಯ ರಾಶಿ. ಕಡುಗಪ್ಪು ಮತ್ತು ಅಚ್ಚಬಿಳುಪು ಒಂದೇ ಚೌಕಟ್ಟಿನಲ್ಲಿ. ಕೇಳಿಕೊಂಡು ಒಳಗೆ ಹೋಗಿ, ಕೆಲಸಗಾರರ ದಾರಿಗೆ ಅಡ್ಡ ನಿಲ್ಲಬೇಡಿ, ಅಲ್ಲಿ ಲೆನ್ಸ್ ಬಿಚ್ಚಲೇಬೇಡಿ.

ಹಳೆಯದರಲ್ಲಿ ಐಎಸ್‌ಒ 3200 ಇಟ್ಟು ಮಂಡಕ್ಕಿಯ ಬಿಳುಪು ಸುಡದಂತೆ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೆರಳಿನ ಭಾಗವನ್ನು ಎತ್ತಿ ಬೆಳಗಿಸಿದಾಗ ಗೋಡೆಯ ಮಸಿಯಲ್ಲಿ ಕೆಂಪು, ನೀಲಿ ಕಾಳುಗಳು ಎದ್ದವು. ಅವುಗಳ ನಡುವೆ ಸೀರೆಯ ಗೆರೆಗಳಂತೆ ತೆಳು ಪಟ್ಟೆಗಳು. ಆ ಕಾಲದ ಕ್ಯಾನನ್ ಸೆನ್ಸರ್‌ಗಳ ಹಳೆಯ ಕಾಯಿಲೆ ಇದು. ಹೊಸದರ ಚಿತ್ರದಲ್ಲಿ ಅದೇ ಗೋಡೆಯನ್ನು ಅಷ್ಟೇ ಎತ್ತಿದಾಗ ಇಟ್ಟಿಗೆಯ ಸಂದು, ಮೊಳೆಗೆ ನೇತುಹಾಕಿದ ಅಂಗಿ, ಅಂಗಿಯ ಜೇಬಿನಲ್ಲಿದ್ದ ಬೀಡಿ ಕಟ್ಟು ಕಂಡವು. ಹಳೆಯದರಲ್ಲಿ ಅಲ್ಲೊಂದು ಅಂಗಿ ಇತ್ತೆಂಬುದೇ ತಿಳಿದಿರಲಿಲ್ಲ.

ಕೈನಡುಕದ ಪರೀಕ್ಷೆಯನ್ನೂ ಇಲ್ಲಿಯೇ ಮಾಡಿ. ಹೊಸದರಲ್ಲಿ ಸೆನ್ಸರೇ ಅಲುಗಾಡಿ ನಡುಕವನ್ನು ನುಂಗುತ್ತದೆ. ಉಸಿರು ಹಿಡಿದು ಕಾಲು ಸೆಕೆಂಡಿನಷ್ಟು ಶಟರ್ ತೆರೆದರೂ ಒಲೆ ಚೊಕ್ಕವಾಗಿ ಬಂತು. ಆದರೆ ಮೊರ ಹಿಡಿದು ನಡೆದುಹೋದವರು ದೆವ್ವದ ನೆರಳಿನಂತೆ ಕರಗಿದ್ದರು. ನಮ್ಮ ನಡುಕ ನಿಲ್ಲಿಸಬಹುದು, ಎದುರಿನವರ ನಡಿಗೆಯನ್ನಲ್ಲ. ಚಿತ್ರದುರ್ಗದ ಕೋಟೆಗೆ ಹೋಗುವವರಿಗಂತೂ ಈ ನಡುಕ ನುಂಗುವ ವಿದ್ಯೆ ವರ. ಪುರಾತತ್ವ ಇಲಾಖೆಯ ತಾಣದಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಓಬವ್ವನ ಕಿಂಡಿಯಂಥ ಇಕ್ಕಟ್ಟಿನಲ್ಲಿ ಅದನ್ನು ಬಿಡಿಸಲು ಜಾಗವೂ ಇಲ್ಲ.

4. ಹಾರುವುದನ್ನು ಬೆನ್ನಟ್ಟಿ

ಬೆಳಿಗ್ಗೆ ಕುಂದವಾಡ ಕೆರೆ. ಒಂದೇ ಬೆಳ್ಳಕ್ಕಿಯನ್ನು ಎರಡೂ ಕ್ಯಾಮೆರಾಗಳಿಗೆ ಹಾರಿಸಲಾಗದು, ಆದ್ದರಿಂದ ಸರದಿಯಂತೆ ಹತ್ತು ಹತ್ತು ಸಲ ಪ್ರಯತ್ನಿಸಿ, ಚೊಕ್ಕವಾದವನ್ನು ಎಣಿಸಿ. ಹಳೆಯದರಲ್ಲಿ ನಡುವಿನ ಒಂದೇ ಬಿಂದು ಇಟ್ಟುಕೊಳ್ಳುವುದು ಜಾಣತನ. ಒಂಬತ್ತರಲ್ಲಿ ಗಟ್ಟಿಗ ಅದೇ. ಹಕ್ಕಿಯನ್ನು ಆ ಬಿಂದುವಿನ ಕೆಳಗೆ ಹಿಡಿದಿಡುವ ಕೆಲಸ ನಿಮ್ಮ ಕೈಯದು. ಹೊಸದರಲ್ಲಿ ಪ್ರಾಣಿಗಳ ಆಯ್ಕೆ ಇಟ್ಟರೆ ಹಕ್ಕಿಯ ಕಣ್ಣಿನ ಮೇಲೆ ಚೌಕ ತಾನಾಗಿ ಅಂಟಿಕೊಳ್ಳುತ್ತದೆ. ನನ್ನ ಎಣಿಕೆಯಲ್ಲಿ ಹಳೆಯದರವು ಬೆರಳ ಮೇಲೆ ಮುಗಿದವು. ಹೊಸದರಲ್ಲಿ ಕೆಟ್ಟವನ್ನು ಎಣಿಸುವುದೇ ಸುಲಭವಾಗಿತ್ತು. ಎರಡು ಕ್ಯಾಮೆರಾಗಳ ನಡುವಿನ ನಿಜವಾದ ಕಂದಕ ಇದೇ ಎಂಬುದು ನನ್ನ ಅಭಿಪ್ರಾಯ. ಮೆಗಾಪಿಕ್ಸೆಲ್ ಆಮೇಲಿನ ಮಾತು.

ಆದರೆ ಸೆಕೆಂಡಿಗೆ 40 ಎಂದರೆ ಒಂದೊಂದು ಸೆಕೆಂಡಿನಂತೆ ಹತ್ತು ಸಲ ಒತ್ತಿದರೆ ನಾನೂರು ಚಿತ್ರದ ಲೆಕ್ಕ. ಆ ಸಂಜೆಯಿಡೀ ಒಂದೇ ಬೆಳ್ಳಕ್ಕಿಯ ರೆಕ್ಕೆಗಳನ್ನು ನೋಡಿ ಅಳಿಸುತ್ತ ಕುಳಿತಿದ್ದೆ.

5. ಮಂಟಪದಲ್ಲಿ ಸದ್ದು, ಪಟ್ಟೆ, ಫ್ಲಾಶ್

ಶ್ರಾವಣ ಹುಟ್ಟಿದ ಮೊದಲ ಮದುವೆಗೆ ಎರಡೂ ಕ್ಯಾಮೆರಾ ಹೋದವು. ಹಳೆಯದರ ಕನ್ನಡಿ ಟಪ್ಪೆಂದಾಗ ಪುರೋಹಿತರು ತಲೆ ಎತ್ತುತ್ತಾರೆ. ಹೊಸದು ಮೌನಿ. ಆದರೆ ಆ ಮೌನ ಎಲೆಕ್ಟ್ರಾನಿಕ್ ಶಟರ್‌ನದು. ಅದು ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ, ಮಂಟಪದ ಎಲ್‌ಇಡಿ ದೀಪಗಳ ಮಿಣುಕು ಮದುಮಗಳ ಮುಖದ ಮೇಲೆ ಅಡ್ಡಪಟ್ಟೆಗಳಾಗಿ ಬೀಳಬಹುದು. ಆರ್6 ಮಾರ್ಕ್ 2ರಲ್ಲಿ ಆ ಶಟರ್ ಇಟ್ಟರೆ ಫ್ಲಾಶ್ ಕೂಡ ಉರಿಯುವುದಿಲ್ಲ. ಮೆಕ್ಯಾನಿಕಲ್‌ಗೆ ಬದಲಿಸಿ, ಬೆಳಕು ಸಾಲದಿದ್ದರೆ ಫ್ಲಾಶ್ ಹಾಕಿ.

ವ್ಯೂಫೈಂಡರನ್ನೂ ಇಲ್ಲೇ ಹೋಲಿಸಿ. 1100ಡಿ ಕಣ್ಣಿಗೆ ತೋರಿಸುವುದು ಚಿತ್ರದ ಶೇ 95 ಭಾಗವನ್ನಷ್ಟೇ. ಧಾರೆಯ ಚಿತ್ರವೊಂದರ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕೆಂಪು ಕಾಲು ನುಸುಳಿತ್ತು. ತೆಗೆಯುವಾಗ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಹೊಸದರ ಪರದೆ ಅಂಚನ್ನೂ ಬೆಳಕನ್ನೂ ಒತ್ತುವ ಮೊದಲೇ ತೋರಿಸುತ್ತದೆ. ಅದರ ಕೂಲಿಯಾಗಿ ಬ್ಯಾಟರಿ ತಿನ್ನುತ್ತದೆ. ಜೇಬಿನಲ್ಲಿ ಇನ್ನೊಂದು ಇರಲೇಬೇಕು.

6. ನೀವು ನೋಡುವ ಅಳತೆಯಲ್ಲಿ ನೋಡಿ

ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ಮೂಗಿನ ರಂಧ್ರ ಎಣಿಸುವುದನ್ನು ಬಿಟ್ಟು ಪ್ರಿಂಟ್ ಹಾಕಿಸಿ. 12.2 ಮೆಗಾಪಿಕ್ಸೆಲ್ ಎಂದರೆ ಅಗಲಕ್ಕೆ 4272 ಚುಕ್ಕೆ. 12×8 ಇಂಚಿಗೆ ಧಾರಾಳ. ಮದುವೆ ಆಲ್ಬಂನ 12×36 ಹಾಳೆಯ ತುಂಬ ಒಂದೇ ಚಿತ್ರ ಹರಡಿದರೆ ಇಂಚಿಗೆ ಸುಮಾರು 119 ಚುಕ್ಕೆ ಬೀಳುತ್ತವೆ. ಹೊಸದರಲ್ಲಿ ಸುಮಾರು 167. ಆಲ್ಬಂ ಮಾರಿ ಬದುಕುವವರಿಗೆ ಈ ವ್ಯತ್ಯಾಸ ಬೇಕು. ಮನೆಯ ಗೋಡೆಗೆ 12×8 ಚೌಕಟ್ಟು ಹಾಕಿಸುವವರಿಗೆ ಬೇಡ.

7. ಚೀಟಿ ಬರೆಯಿರಿ

ಎಡಗಡೆ ನಿಮ್ಮ ಕೆಟ್ಟ ಚಿತ್ರಗಳ ಪಟ್ಟಿ, ಬಲಗಡೆ ಕೆಟ್ಟದ್ದೇಕೆ ಎಂಬುದು: ಫೋಕಸ್, ಕತ್ತಲೆ, ಲೆನ್ಸ್, ಅಥವಾ ನೀವೇ. ಫೋಕಸ್ ಮತ್ತು ಕತ್ತಲೆ ಹೆಚ್ಚಾಗಿದ್ದರೆ ಹೊಸದರ ಲೆಕ್ಕ ಹಾಕಬಹುದು. ಆಗ ಬಾಡಿಯ ಬೆಲೆಯೊಂದಿಗೆ ಅಡಾಪ್ಟರ್, ವೇಗದ ಕಾರ್ಡ್, ಇನ್ನೊಂದು ಬ್ಯಾಟರಿಯನ್ನೂ ಕೂಡಿಸಿ. ಹೊಸದರ ಸಿಆರ್3 ಎಂಬ ರಾ ಕಡತ ಹಳೆಯ ಎಡಿಟಿಂಗ್ ತಂತ್ರಾಂಶದಲ್ಲಿ ತೆರೆಯದಿರಬಹುದು. ಕ್ಯಾನನ್ನಿನದೇ ಉಚಿತ ತಂತ್ರಾಂಶ ತೆರೆಯುತ್ತದೆ, ನಿಮ್ಮ ಲ್ಯಾಪ್‌ಟಾಪ್‌ಗೆ ಶಕ್ತಿ ಇದ್ದರೆ.

ನನ್ನ ಚೀಟಿಯಲ್ಲಿ "ಲೆನ್ಸ್" ಮತ್ತು "ನಾನೇ" ಸಮಬಲದಲ್ಲಿದ್ದವು. ಮದುವೆ ಮುಗಿದ ಸಂಜೆ ಸೋದರಳಿಯ ತನ್ನ ಕ್ಯಾಮೆರಾ ವಾಪಸ್ ಒಯ್ದ. ಮರುದಿನ ನಾನು 1100ಡಿಗೆ ಸೆಕೆಂಡ್ ಹ್ಯಾಂಡ್ 50 ಎಂಎಂ ಎಫ್/1.8 ಲೆನ್ಸ್ ಕೊಂಡು ಮಂಡಕ್ಕಿ ಭಟ್ಟಿಗೆ ಮತ್ತೆ ಹೋದೆ. ಅಂಗಿ ಈ ಸಲ ಕಂಡಿತು. ಜೇಬು ಖಾಲಿ ಇತ್ತು.